ಇನ್ಸುಲಿನ್ ಪಕ್ಕದಲ್ಲಿ ಹತ್ತು ಫೋಟೋ

ಮಾಮಾ ತಮ್ಮ ಸ್ಟುಡಿಯೊ ಖಾಲಿ ಮಾಡುವ ದಿನ ನಾನು ಅಲ್ಲಿಗೆ ಹೋದದ್ದು ಗೋಡೆಗೆ ತೂಗಿದ್ದ ಹಳೆ ಪರದೆಯ ಆಸೆಗೆ. ನೀಲಿ ಸರೋವರ, ಹಿಂದೆ ಹಿಮದ ಬೆಟ್ಟ, ದಡದಲ್ಲಿ ಗುಲಾಬಿ ಪೊದೆ. ನಮ್ಮ ಅವ್ವ ಅಪ್ಪನ ಮದುವೆಯಾದ ಹೊಸದರಲ್ಲಿ ತೆಗೆಸಿದ ಫೋಟೋ ಅದರ ಮುಂದೆಯೇ. ಹೋಗಿ ನೋಡಿದರೆ ಹಿಮದ ಬೆಟ್ಟವನ್ನು ಇಲಿ ತಿಂದಿತ್ತು. ಬರಿಗೈಲಿ ಬರಬಾರದೆಂದು ಮೂಲೆಯಲ್ಲಿದ್ದ ತಗಡಿನ ಟ್ರಂಕಿಗೆ ಕೈ ಹಾಕಿದೆ. ಮೇಲೆ ಫ್ಲಾಶಿನ ವೈರುಗಳು, ಕೆಳಗೆ ಇಟ್ಟಂಗಿಯಷ್ಟು ತೂಕದ ಒಂದು ಕಪ್ಪು ಡಬ್ಬಿ. ಡಬ್ಬಿಯ ಮುಖದಲ್ಲಿ ನಾಲ್ಕು ಲೆನ್ಸು.

“ಮಾಮಾ, ಇದೇನ್ರಿ?”

“ನಾಕ್ ಕಣ್ಣಿಂದು. ಗುಜರಿಗೆ ಹಾಕು.”

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಓಡಾಡಿದ ನನ್ನ ವಯಸ್ಸಿನವರಿಗೆ “ಅರ್ಜೆಂಟ್ ಫೋಟೋ” ಎಂಬ ಬೋರ್ಡು ನೆನಪಿರಬೇಕು. ಗಲ್ಫಿಗೆ ಹೊರಟವರು, ಹಜ್‌ಗೆ ಹೊರಟ ಮುದುಕರು, ನಾಳೆಯೇ ಕೊನೆ ದಿನ ಎಂದು ಅರ್ಜಿ ಹಿಡಿದು ಓಡಿ ಬಂದ ಡಿ.ಎಡ್. ಹುಡುಗಿಯರು. ಅವರಿಗೆಲ್ಲ ರೀಲು ಮುಗಿಸಿ, ತೊಳೆದು, ಪ್ರಿಂಟು ಹಾಕಿ ನಾಡಿದ್ದು ಬಾ ಅನ್ನುವ ಹಾಗಿರಲಿಲ್ಲ. ಮಾಮಾ ನಾಲ್ಕು ಕಣ್ಣಿನ ಕ್ಯಾಮೆರಾ ಎತ್ತಿಕೊಳ್ಳುತ್ತಿದ್ದರು. ಒಂದು ಸಲ ಕ್ಲಿಕ್ ಅಂದರೆ ಒಂದೇ ಹಾಳೆಯ ಮೇಲೆ ಅದೇ ಮುಖ ನಾಲ್ಕು ಸಲ. ಕ್ಯಾಮೆರಾದ ಕೆಳಗೆ ಒಂದು ದಾರ ಕಟ್ಟಿದ್ದರು, ದಾರದ ತುದಿಗೆ ಗಂಟು. ಗಂಟು ಗಿರಾಕಿಯ ಮೂಗಿಗೆ ಮುಟ್ಟಿದರೆ ದೂರ ಸರಿ ಎಂದರ್ಥ. ಈ ಕ್ಯಾಮೆರಾಕ್ಕೆ ಫೋಕಸ್ ತಿರುಗಿಸುವ ಸವಲತ್ತೇ ಇಲ್ಲ. ಮುಖ ಒಂದೇ ದೂರದಲ್ಲಿರಬೇಕು, ಅಷ್ಟೇ. ಮದುವೆಯಾಗದ ಹುಡುಗಿಯರ ಮೂಗಿಗೆ ದಾರ ಮುಟ್ಟಿಸುವ ಕೆಲಸ ಅತ್ತಿಯದು.

ಟ್ರಂಕಿನಲ್ಲಿ ಫಿಲ್ಮಿನ ಐದು ಡಬ್ಬಿಗಳೂ ಇದ್ದವು. ಫ್ಯೂಜಿಯ ಎಫ್‌ಪಿ-100ಸಿ. ಬಿಚ್ಚಿ ನೋಡಿದರೆ ಒಳಗಿನ ರಸಾಯನದ ಚೀಲಗಳು ಒಣಗಿ ಹಪ್ಪಳವಾಗಿದ್ದವು. ನಮ್ಮೂರಲ್ಲಿ ಮೇ ತಿಂಗಳ ಬಿಸಿಲು ನಲವತ್ತೆರಡು ಡಿಗ್ರಿ ದಾಟುತ್ತದೆ. ತಗಡಿನ ಟ್ರಂಕಿನ ಒಳಗೆ ಎಷ್ಟಾಗಿತ್ತೋ ಆ ದೇವರೇ ಬಲ್ಲ. ಆಸೆ ಬಿಟ್ಟು ಕ್ಯಾಮೆರಾ ಒಂದನ್ನೇ ಚೀಲಕ್ಕೆ ಹಾಕಿಕೊಂಡೆ. ಸಂಜೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಅತ್ತಿ ಅಂದರು: “ನಮ್ಮ ಫ್ರಿಜ್ಜಿನಾಗ ಒಂದ್ ಡಬ್ಬಿ ಅದ ನೋಡವ್ವಾ. ಯಾವ್ದೋ ಬ್ಯಾಸಗ್ಯಾಗ ತಂದಿಟ್ಟಾರ, ಮರ್ತಾರ. ಔಷಧಿ ಇರ್ಬೇಕಂತ ನಾ ಕೈ ಹಚ್ಚಿಲ್ಲ.”

ಶೇಂಗಾ ಹಿಂಡಿಯ ಡಬ್ಬಿಯ ಹಿಂದೆ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹತ್ತು ಫೋಟೋದ ಒಂದು ಪ್ಯಾಕು ಹಾಗೇ ಇತ್ತು. ಅವಧಿ ಮುಗಿದು ವರ್ಷಗಳಾಗಿದ್ದವು. ಒತ್ತಿ ನೋಡಲು ಧೈರ್ಯ ಸಾಲಲಿಲ್ಲ. ಆದರೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ಟ್ರಂಕಿನ ಪ್ಯಾಕುಗಳ ಗಲಗಲ ಇದರಲ್ಲಿ ಇರಲಿಲ್ಲ.

ಆ ಹತ್ತು ನನಗೆ ಯಾಕೆ ಅಷ್ಟು ದೊಡ್ಡದಾಯಿತು ಎನ್ನುವುದಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು. ತಕ್ಷಣ ಕೈಗೆ ಸಿಗುವ ಫೋಟೋದ ಯೋಚನೆ ಎಡ್ವಿನ್ ಲ್ಯಾಂಡ್‌ಗೆ ಬಂದದ್ದು 1943ರಲ್ಲಿ. ಈಗ ತೆಗೆದ ಫೋಟೋ ಈಗಲೇ ಯಾಕೆ ನೋಡಬಾರದು ಎಂದು ಅವನ ಪುಟ್ಟ ಮಗಳು ಕೇಳಿದಳಂತೆ. 1948ರಲ್ಲಿ ಪೋಲರಾಯ್ಡ್ ಕ್ಯಾಮೆರಾ ಬಾಸ್ಟನ್ನಿನ ಅಂಗಡಿಗೆ ಬಂತು. ಮೊದಲ ದಶಕಗಳ ಫಿಲ್ಮೆಲ್ಲ ಎಳೆದು ಸುಲಿಯುವ ಜಾತಿಯದು. ನೆಗೆಟಿವ್ ಒಂದು ಹಾಳೆ, ಚಿತ್ರ ಮೂಡುವ ಕಾಗದ ಇನ್ನೊಂದು ಹಾಳೆ, ನಡುವೆ ಅಂಟಂಟು ರಸಾಯನ. ಸ್ವಲ್ಪ ಹೊತ್ತು ಬಿಟ್ಟು ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಬೇಕು. 1972ರಲ್ಲಿ ಬಂದ ಎಸ್‌ಎಕ್ಸ್-70 ಕ್ಯಾಮೆರಾದಿಂದ ಬಿಳಿ ಅಂಚಿನ ಚೌಕ ಫೋಟೋ ತಾನೇ ಹೊರಬಿದ್ದು ಕಣ್ಣೆದುರೇ ಮೂಡತೊಡಗಿತು. ಜನ ಇವತ್ತು ಪೋಲರಾಯ್ಡ್ ಅಂದರೆ ನೆನೆಯುವುದು ಇದನ್ನೇ. ಎಳೆಯೋ ಫಿಲ್ಮು ಮಾತ್ರ ಪಾಸ್‌ಪೋರ್ಟ್ ಫೋಟೋದವರ ಹತ್ತಿರ ಉಳಿಯಿತು. ಪೋಲರಾಯ್ಡ್ 2008ರಲ್ಲಿ ಫಿಲ್ಮು ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿದಾಗ ಮಾಮಾನಂಥವರನ್ನು ನಡೆಸಿದ್ದು ಫ್ಯೂಜಿ. ಅದೂ 2013ರಲ್ಲಿ ಕಪ್ಪು-ಬಿಳುಪಿನ ಎಫ್‌ಪಿ-3000ಬಿಯನ್ನು, 2016ರಲ್ಲಿ ಈ 100ಸಿಯನ್ನು ಕೈಬಿಟ್ಟಿತು. ವಿಯೆನ್ನಾದಲ್ಲಿ ಒಂದಿಷ್ಟು ಹಟಮಾರಿಗಳು ಒಂದೊಂದೇ ಹಾಳೆಯ ಪ್ಯಾಕನ್ನು ಕೈಯಿಂದ ಜೋಡಿಸಿ ಮಾರಿದ್ದುಂಟು. ಕಾರ್ಖಾನೆಯಲ್ಲಿ ಮೂಟೆಗಟ್ಟಲೆ ತಯಾರಾಗುವ ಕಾಲ ಮಾತ್ರ ಮುಗಿಯಿತು.

ಮಾಮಾಗೆ ಇದರಿಂದ ಯಾವ ದುಃಖವೂ ಆಗಿರಲಿಲ್ಲ. “ಕಂಪ್ಯೂಟರ್ ಬಂತು, ಪ್ರಿಂಟರ್ ತಂದೆ. ಆಮ್ಯಾಲ ಪಾಸ್‌ಪೋರ್ಟ್ ಆಫೀಸಿನ್ಯಾಗ ಅವ್ರೇ ಫೋಟೋ ತೆಗಿಲಾಕ ಹತ್ತಿದ್ರು. ಆಮ್ಯಾಲ ಎಲ್ಲಾರ ಕೈಯಾಗ ಮೊಬೈಲ್ ಬಂತು. ಹೊಟ್ಟಿಪಾಡು ಯವ್ವಾ, ಅದಕ್ಕ ಯಾರ್ ಅಳ್ತಾರ?”

ಅಳುವವಳು ನಾನೇ ಒಬ್ಬಳು ಎಂದುಕೊಂಡು, ಆ ಹತ್ತನ್ನು ಮುಟ್ಟುವ ಮೊದಲು ಕೈ ಪಳಗಿಸಿಕೊಳ್ಳಲು ಇವತ್ತಿಗೂ ತಯಾರಾಗುವ ಫಿಲ್ಮನ್ನು ಹುಡುಕಿದೆ. ಅದನ್ನು ಹಾಕಲು ಹೈದರಾಬಾದಿನ ಜುಮ್ಮೇರಾತ್ ಬಜಾರಿನಲ್ಲಿ ಚೌಕ ಫೋಟೋದ ಒಂದು ಹಳೆ ಪೋಲರಾಯ್ಡ್ 600 ಕ್ಯಾಮೆರಾ ಸಿಕ್ಕಿತು. ಅಂಗಡಿಯವನು ನಡೆಯುತ್ತದೆ ಅಂದ. ತೋರಿಸು ಅಂದೆ. ಹೇಗೆ ತೋರಿಸಲಿ ಅಂದ. ಅವನ ಮಾತಿನಲ್ಲಿ ಮೋಸವಿರಲಿಲ್ಲ. ಈ ಕ್ಯಾಮೆರಾದಲ್ಲಿ ಸೆಲ್ಲು ಇರುವುದಿಲ್ಲ, ಬ್ಯಾಟರಿ ಫಿಲ್ಮಿನ ಪ್ಯಾಕಿನೊಳಗೇ ಇರುತ್ತದೆ. ಫಿಲ್ಮು ಇಲ್ಲದಿದ್ದರೆ ಕ್ಯಾಮೆರಾ ಹೆಣ. ಕುರುಡು ವ್ಯಾಪಾರ ಮಾಡಿ ತಂದೆ. ತೆರೆದು ನೋಡಿದರೆ ಉರುಳೆಗಳ ಮೇಲೆ ಯಾವುದೋ ಕಾಲದ ರಸಾಯನ ಒಣಗಿ ಮರಳಿನಂತೆ ಹತ್ತಿತ್ತು. ಫೋಟೋ ಹೊರಬರುವಾಗ ಅದರ ಬಿಳಿ ಅಂಚಿನ ಚೀಲವನ್ನು ಒಡೆದು ರಸವನ್ನು ಸಮನಾಗಿ ಹರಡುವುದು ಇವೇ ಎರಡು ಉಕ್ಕಿನ ಉರುಳೆ. ಇವುಗಳ ಮೇಲೆ ಸಾಸಿವೆಯಷ್ಟು ಕೊಳೆಯಿದ್ದರೂ ಪ್ರತಿ ಫೋಟೋದ ಮೇಲೂ ಅದೇ ಅಂತರಕ್ಕೆ ಚುಕ್ಕಿ ಬೀಳುತ್ತದೆ. ಒದ್ದೆ ಹತ್ತಿಬಟ್ಟೆಯಿಂದ ಅರ್ಧ ದಿನ ಒರೆಸಿದೆ.

ಮುಂಬೈಯಿಂದ ತರಿಸಿದ ಮೊದಲ ಪ್ಯಾಕು ಏಪ್ರಿಲ್ ಕೊನೆಗೆ ಬಂತು. ಎಂಟೇ ಎಂಟು ಫೋಟೋ, ನನ್ನ ಕೈಗೆ ಬರುವಷ್ಟರಲ್ಲಿ ಎರಡು ಸಾವಿರ ದಾಟಿತ್ತು. ಕೊರಿಯರಿನವರು ಯಾವ ಬಿಸಿಲಲ್ಲಿ ಎಷ್ಟು ಹೊತ್ತು ಇಟ್ಟಿದ್ದರೋ, ಡಬ್ಬಿ ಮುಟ್ಟಿದರೆ ಆಗಷ್ಟೇ ಹೆಂಚಿನಿಂದ ಇಳಿಸಿದ ರೊಟ್ಟಿಯಷ್ಟು ಬಿಸಿ. ನನಗೆ ತಡೆಯಲಾಗಲಿಲ್ಲ. ಪ್ಯಾಕು ಒಳಗೆ ಹಾಕಿದ ಕೂಡಲೇ ಕ್ಯಾಮೆರಾ ಗರ್ ಎಂದು ಜೀವ ಬಂದು ಮೇಲಿನ ಕಪ್ಪು ಹಾಳೆಯನ್ನು ಉಗುಳಿತು. ಅಂಗಳದ ಬೇವಿನ ಗಿಡದ ಕೆಳಗೆ ಅವ್ವನನ್ನು ಕೂಡಿಸಿ ಒತ್ತಿದೆ. ಹದಿನೈದು ನಿಮಿಷ ಕಾದ ಮೇಲೆ ಕಂಡದ್ದು ಅರಿಶಿನದ ನೀರಿನಲ್ಲಿ ಮುಳುಗಿದ ಒಂದು ಆಕೃತಿ. ಅವ್ವ ಕನ್ನಡಕ ಏರಿಸಿ ನೋಡಿ, “ನಂಗ ಕಾಮಣಿ ಆಗ್ಯಾದೇನ?” ಎಂದು ಕೇಳಿದರು. ಎಂಟರಲ್ಲಿ ಆರು ಹಾಗೇ ಹೋದವು.

ತಪ್ಪು ಫಿಲ್ಮಿನದಲ್ಲ. ಈ ಫಿಲ್ಮಿಗೆ ಹಿಡಿಸುವ ಹವೆ ಹದಿಮೂರರಿಂದ ಇಪ್ಪತ್ತೆಂಟು ಡಿಗ್ರಿಯ ನಡುವಿನದು. ಅದಕ್ಕಿಂತ ತಂಪಾದರೆ ಬಣ್ಣ ತಿಳಿಯಾಗಿ ನೀಲಿ-ಹಸಿರಿಗೆ ತಿರುಗುತ್ತದೆ, ಬಿಸಿಯಾದರೆ ಹಳದಿ-ಕೆಂಪು. ಫಿಲ್ಮು ತಯಾರಾಗುವುದು ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆಯಲ್ಲಿ. ಆ ಊರಿನವರಿಗೆ ಇಪ್ಪತ್ತೆಂಟು ಅಂದರೇ ಬ್ಯಾಸಗಿ ಇರಬೇಕು. ನಮ್ಮಲ್ಲಿ ಆ ಹವೆ ಬೆಳಗಿನ ಆರು ಗಂಟೆಗೆ ಹಾಲಿನವನ ಜೊತೆ ಬಂದು ಅವನ ಜೊತೆಯೇ ಹೋಗುತ್ತದೆ.

ಎನ್‌ಸ್ಕೆಡೆಯ ಕಥೆಯೂ ಕಡಿಮೆಯದಲ್ಲ. 2008ರಲ್ಲಿ ಕಾರ್ಖಾನೆ ಮುಚ್ಚುವ ಸಮಾರಂಭಕ್ಕೆ ಬಂದಿದ್ದ ಫ್ಲೋರಿಯನ್ ಕಾಪ್ಸ್ ಎಂಬ ಪೋಲರಾಯ್ಡ್ ಹುಚ್ಚನಿಗೆ ಅಲ್ಲೇ ದುಡಿಯುತ್ತಿದ್ದ ಆಂದ್ರೆ ಬೋಸ್ಮನ್ ಗಂಟುಬಿದ್ದ. ಯಂತ್ರಗಳು ಇನ್ನೇನು ಗುಜರಿಗೆ ಹೋಗಬೇಕು, ಇಬ್ಬರೂ ಸೇರಿ ಅವನ್ನು ಕೊಂಡರು, ಕಟ್ಟಡ ಬಾಡಿಗೆಗೆ ಹಿಡಿದರು, ಹಳೆ ಕೆಲಸಗಾರರಲ್ಲಿ ಹತ್ತು ಜನರನ್ನು ಉಳಿಸಿಕೊಂಡರು. ಇಂಪಾಸಿಬಲ್ ಪ್ರಾಜೆಕ್ಟ್ ಅಂತ ಹೆಸರಿಟ್ಟರು. ಯಂತ್ರವೇನೋ ಇತ್ತು, ಅಡುಗೆಗೆ ಬೇಕಾದ ಸಾಮಾನೇ ಇರಲಿಲ್ಲ. ಹಳೆ ಪಾಕದ ಎಷ್ಟೋ ರಾಸಾಯನಿಕಗಳನ್ನು ಮಾಡುವುದೇ ನಿಂತಿತ್ತು. ಎಲ್ಲ ಹೊಸದಾಗಿ ಕಂಡುಹಿಡಿದು 2010ರಲ್ಲಿ ಮೊದಲ ಕಪ್ಪು-ಬಿಳುಪು ಫಿಲ್ಮು ತಂದರು. ಅದು ಹೊರಬಂದ ಕೂಡಲೇ ಬೆಳಕು ತಾಕಿ ಹಾಳಾಗುತ್ತಿತ್ತಂತೆ, ಜನ ಕ್ಯಾಮೆರಾದ ಬಾಯಿಗೆ ರಟ್ಟು ಕಟ್ಟಿಕೊಂಡು ತೆಗೆದರು. 2017ರಲ್ಲಿ ಪೋಲರಾಯ್ಡ್ ಎಂಬ ಹೆಸರೂ ಇವರ ಕೈಗೇ ಬಂತು. ಹಾಗಂತ ಎಲ್ಲವನ್ನೂ ಉಳಿಸಲಾಗಲಿಲ್ಲ. ಸ್ಪೆಕ್ಟ್ರಾ ಜಾತಿಯ ಅಗಲ ಫಿಲ್ಮನ್ನು 2019ರಲ್ಲಿ ಅವರೇ ನಿಲ್ಲಿಸಿದರು, ಆ ಕ್ಯಾಮೆರಾಗಳು ಮುದಿಯಾಗಿ ಹೊಸ ಫಿಲ್ಮನ್ನು ನುಂಗಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವವಳು. ಒಂದು ಪಾಕ ಕೈತಪ್ಪಿದರೆ ಮತ್ತೆ ಹಿಡಿಯುವುದು ಎಷ್ಟು ಕಷ್ಟ ಎನ್ನುವುದು ಗೊತ್ತಿತ್ತು. ಅವ್ವ ಹಳದಿಯಾದ ಮೇಲೆ ಎನ್‌ಸ್ಕೆಡೆಯವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಎರಡನೆಯ ಪ್ಯಾಕಿಗೆ ನಾನು ಬುದ್ಧಿ ಕಲಿತೆ. ಬಂದ ಕೂಡಲೇ ಫ್ರಿಜ್ಜಿಗೆ, ಬರ್ಫದ ಖಾನೆಗಲ್ಲ, ಕೆಳಗಿನ ಖಾನೆಗೆ. ಬಳಸುವ ಒಂದು ತಾಸು ಮೊದಲು ಹೊರಗೆ. ತೆಗೆಯುವುದು ಬೆಳಗ್ಗೆ ಎಂಟರ ಒಳಗೆ. ಫೋಟೋ ಬಂದ ಮೇಲೆ ಏನು ಎನ್ನುವುದಕ್ಕೆ ಮಾತ್ರ ಯಾವ ಕೈಪಿಡಿಯಲ್ಲೂ ಉತ್ತರವಿರಲಿಲ್ಲ, ಅದು ನಮ್ಮ ಮನೆಯ ನೆಲದಲ್ಲಿತ್ತು. ನಮ್ಮದು ಹಳೆ ಮನೆ, ಒಳಗೆಲ್ಲ ಶಹಾಬಾದ್ ಕಲ್ಲಿನ ಫರ್ಸಿ. ಬೇಸಿಗೆ ಮಧ್ಯಾಹ್ನ ಎಲ್ಲರೂ ಹಾಸಿಗೆ ಬಿಟ್ಟು ಬರಿ ಫರ್ಸಿಯ ಮೇಲೆ ಮಲಗುವವರೇ. ನೀರಿನ ಹರವಿ ಇಡುವ ಮೂಲೆಯಲ್ಲಂತೂ ಕಲ್ಲು ಸದಾ ಥಣ್ಣಗೆ. ಫೋಟೋ ಹೊರಬಂದದ್ದೇ ಓಡಿ ಆ ಮೂಲೆಯಲ್ಲಿ ಬೋರಲು ಮಲಗಿಸಿ, ಮೇಲೊಂದು ಪುಸ್ತಕ ಮುಚ್ಚಿದೆ. ಹದಿನೈದು ನಿಮಿಷ ಬಿಟ್ಟು ತಿರುಗಿಸಿದರೆ ಅವ್ವನ ಸೀರೆ ಹಸಿರಿತ್ತು, ಖರೇ ಹಸಿರು. ಅಂದಿನಿಂದ ಆ ಕಲ್ಲು ನನ್ನ ಡಾರ್ಕ್‌ರೂಮ್. ಕೆಲವರು ಫೋಟೋವನ್ನು ಗಾಳಿಯಲ್ಲಿ ಬೀಸಿ ಬೀಸಿ ಒಣಗಿಸುತ್ತಾರಲ್ಲ, ಅದರಿಂದ ಏನೂ ಆಗುವುದಿಲ್ಲ. ಚಿತ್ರ ಮೂಡುವುದು ಮುಚ್ಚಿದ ಪದರಗಳ ಒಳಗೆ, ಬೀಸಿದರೆ ಪದರ ಬಿಟ್ಟುಕೊಳ್ಳುವ ಭಯವೇ ಹೆಚ್ಚು.

ಇನ್ನು ಆ ಹತ್ತು. ಮೇ ತಿಂಗಳಲ್ಲಿ ನಮ್ಮ ಓಣಿಯ ಕರೆಂಟು ಒಂದು ದಿನ ಬೆಳಗ್ಗೆ ಹೋದದ್ದು ರಾತ್ರಿ ಬಂತು. ಫ್ರಿಜ್ಜಿನಲ್ಲಿದ್ದ ಮೊಸರು ಕೆಟ್ಟು ವಾಸನೆ ಹೊಡೆಯಿತು. ಪ್ಯಾಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹರವಿಯ ಪಕ್ಕ ಇಟ್ಟು ದಿನವಿಡೀ ಬಟ್ಟೆ ತೋಯಿಸಿದೆ, ಜ್ವರ ಬಂದ ಕೂಸಿನ ಹಣೆಗೆ ಪಟ್ಟಿ ಹಾಕಿದ ಹಾಗೆ. ಮರುದಿನ ನನ್ನ ಜೊತೆ ಓದಿದ, ಈಗ ಔಷಧಿ ಅಂಗಡಿ ಇಟ್ಟಿರುವ ಗೆಳೆಯನ ಹತ್ತಿರ ಹೋದೆ. ಇನ್ಸುಲಿನ್ ಇಡುವ ಅವನ ಫ್ರಿಜ್ಜಿಗೆ ಇನ್ವರ್ಟರ್ ಇದೆ, ಒಳಗೆ ಎರಡರಿಂದ ಎಂಟು ಡಿಗ್ರಿ ಮೀರಬಾರದೆಂದು ಉಷ್ಣತಾಮಾಪಕವನ್ನೂ ತೂಗುಹಾಕಿದ್ದಾನೆ. “ಬಾಡಿಗಿ ಏನ್ ಕೊಡ್ತಿ?” ಎಂದ. ಒಂದು ಫೋಟೋ ಅಂದೆ. ಹತ್ತರಲ್ಲಿ ಒಂದು ಅಲ್ಲೇ ಹೋಯಿತು. ಇನ್ಸುಲಿನ್ ಪೆನ್ನುಗಳ ಸಾಲಿನ ಹಿಂದೆ ಎಫ್‌ಪಿ-100ಸಿ ಡಿಸೆಂಬರ್‌ವರೆಗೆ ಸುಖವಾಗಿತ್ತು. ಡ್ರಗ್ ಇನ್ಸ್‌ಪೆಕ್ಟರ್ ಬಂದು ಕೇಳಿದರೆ ಏನು ಹೇಳುತ್ತಿದ್ದನೋ ಗೊತ್ತಿಲ್ಲ.

ಆ ತಿಂಗಳುಗಳಲ್ಲಿ ಮಾಮಾನ ನಾಲ್ಕು ಕಣ್ಣಿನ ಕ್ಯಾಮೆರಾ ರಿಪೇರಿ ಮಾಡಿದೆ. ಸೆಲ್ಲು ಸೋರಿ ಒಳಗಿನ ತಗಡೆಲ್ಲ ಹಸಿರು-ಬಿಳಿ ಬೂಸ್ಟು ಹಿಡಿದಿತ್ತು. ಸೋರಿದ್ದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಲಿಂಬಿಹಣ್ಣಿನ ರಸದಲ್ಲಿ ಇಯರ್ ಬಡ್ ಅದ್ದಿ ತಿಕ್ಕಿದೆ. ನಾಲ್ಕರಲ್ಲಿ ಒಂದು ಲೆನ್ಸಿನಲ್ಲಿ ಬೂಸ್ಟು ಒಳಗೇ ಇಳಿದಿತ್ತು, ಅದು ಹೋಗಲಿಲ್ಲ. ಟ್ರಂಕಿನ ಸತ್ತ ಪ್ಯಾಕುಗಳನ್ನು ಹಾಕಿಕೊಂಡು ಎಳೆಯುವ ಅಭ್ಯಾಸ ಮಾಡಿದೆ. ಮೊದಲು ಸಣ್ಣ ಪಟ್ಟಿ ಎಳೆಯಬೇಕು, ಆಗ ಫಿಲ್ಮು ಉರುಳೆಯ ಬಾಯಿಗೆ ಬರುತ್ತದೆ. ಆಮೇಲೆ ಅಗಲ ಪಟ್ಟಿ ಹಿಡಿದು ಒಂದೇ ಸಲಕ್ಕೆ ಹೊರಗೆ. ನಾನು ನಡುವೆ ತಡೆದರೆ ರಸ ಅಲ್ಲಿಗೇ ನಿಂತು ಗೆರೆ ಬೀಳುತ್ತದೆ, ಓರೆಯಾದರೆ ಒಂದು ಮೂಲೆಗೆ ರಸವೇ ಹೋಗುವುದಿಲ್ಲ. ಪೇಪರು ಓದುತ್ತ ಕೂತಿದ್ದ ಮಾಮಾ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಪೇಪರು ಇಳಿಸಿದರು.

“ಹಂಗ ಜಗ್ಗಬ್ಯಾಡ. ಬಾವ್ಯಾಗಿಂದ ಕೊಡ ಜಗ್ಗಿಲ್ಲೇನ್ ನೀ? ಹಗ್ಗ ನಡುವ ಬಿಟ್ರ ಏನಾಗ್ತದ? ಒಂದೇ ಸವನ.”

ನಾನು ಬಾವಿಯಿಂದ ಕೊಡ ಎಳೆದವಳಲ್ಲ, ನಲ್ಲಿ ಕಾಲದವಳು. ಎದ್ದು ಬಂದು ಎಳೆದು ತೋರಿಸಿದರು. ಎಪ್ಪತ್ತು ದಾಟಿದ ಕೈ, ಚಹಾದ ಬಸಿ ಹಿಡಿದರೆ ನಡುಗುವ ಕೈ, ಪಟ್ಟಿ ಹಿಡಿದಾಗ ನಡುಗಲಿಲ್ಲ. “ಬ್ಯಾಸಗ್ಯಾಗ ಒಂದೂವರಿ ಮಿನಿಟ್. ಥಂಡ್ಯಾಗ ಎರಡೂವರಿ, ಅದೂ ಬಗಲಾಗ ಇಟ್ಕೊಂಡು. ಗಡಿಯಾರ ನೋಡಿದ್ರ ಗಿರಾಕಿಗಿ ಬ್ಯಾಸರಾಗ್ತದ, ಅದಕ್ಕ ಮಾತಾಡ್ಸಕೋತ ಮನಸಿನ್ಯಾಗ ಎಣಿಸ್ಬೇಕು.” ಏನು ಮಾತಾಡಿಸುತ್ತಿದ್ದಿರಿ ಎಂದು ಕೇಳಿದೆ. “ಎಲ್ಲಿಗಿ ಹೊಂಟೀರಿ ಅಂತ. ಪಾಸ್‌ಪೋರ್ಟ್ ಫೋಟೋಕ್ಕ ಬಂದಾವ ಎಲ್ಲಿಗ್ಯಾರ ಹೊಂಟೇ ಇರ್ತಾನ. ಅದ್ ಹೇಳೂದ್ರಾಗ ಎರಡ್ ಮಿನಿಟ್ ಆಗ್ತದ.”

ಡಿಸೆಂಬರಿನಲ್ಲಿ ನಿಜವಾದ ಪ್ಯಾಕು ಹಾಕಿದೆ. ಮೊದಲನೆಯದು ಅತ್ತಿಯದು. ಒಂದು ಅಂಚಿಗೆ ಸ್ವಲ್ಪ ಕಂದು ಬಿಟ್ಟರೆ ಮುಖ ಸ್ಪಷ್ಟ, ನಾಲ್ಕು ಸಲ. ಅತ್ತಿ ಒಂದೊಂದನ್ನೂ ನೋಡಿ “ಇದರಾಗ ಛಲೋ ಬಂದೀನಿ” ಎಂದು ಎರಡನೆಯದನ್ನು ಆರಿಸಿದರು. ನಾಲ್ಕೂ ಒಂದೇ ಕ್ಷಣದವು ಎಂದರೆ ಒಪ್ಪಲಿಲ್ಲ. ಎರಡನೆಯದು ಬಾಡಿಗೆ ಲೆಕ್ಕಕ್ಕೆ, ಔಷಧಿ ಅಂಗಡಿಯ ಗೆಳೆಯನದು.

ಆಮೇಲೆ ಬೀದರ್. ಅಲ್ಲಿಗೇ ಯಾಕೆ ಅಂದರೆ, ಒಂದು, ಅದು ಎತ್ತರದ ಊರು, ಚಳಿಗಾಲದ ಬೆಳಗು ಫಿಲ್ಮಿಗೆ ಹೇಳಿ ಮಾಡಿಸಿದ ಹವೆ. ಇನ್ನೊಂದು, ಬೆಳ್ಳಿ. ಫೋಟೋ ಅಂದರೆ ಬೆಳ್ಳಿಯ ಲವಣ ಬೆಳಕು ಕಂಡು ಕಪ್ಪಾಗುವುದು ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಬಿದ್ರಿ ಅಂದರೆ ಸುತ್ತಲಿನ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದು. ಇವೆರಡನ್ನೂ ಒಂದೇ ಮೇಜಿನ ಮೇಲೆ ನೋಡಬೇಕೆಂಬ ಆಸೆ. ಗೆಳೆಯ ಕೊಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ, ಇನ್ಸುಲಿನ್ ಸಾಗಿಸುವ ಜೆಲ್ ಚೀಲಗಳ ನಡುವೆ ಕ್ಯಾಮೆರಾ ಸಮೇತ ಫಿಲ್ಮು ಇಟ್ಟುಕೊಂಡು ಹುಮನಾಬಾದ್ ಮೇಲೆ ಹೋಗುವ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಆಯಿ ಡಬ್ಬಿ ನೋಡಿ, “ಯಾರಿಗಿ ರಕ್ತ ಒಯ್ಲತ್ತಿ ತಂಗಿ?” ಎಂದು ಕೇಳಿ ಸೀಟು ತುಸು ಸರಿಸಿಕೊಂಡರು.

ಚೌಬಾರಾದ ಹತ್ತಿರ, ಪರಿಚಯದವರೊಬ್ಬರ ಮೂಲಕ ಗೊತ್ತಾದ ಬಿದ್ರಿ ಕೆಲಸದವರ ಮನೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂದಾನಿ, ಮೈಲುತುತ್ತದ ನೀರು ಸವರಿ ಮೈ ಕಪ್ಪು ಮಾಡಿಕೊಂಡು ಅದರ ಮೇಲೆ ಉಳಿಯಿಂದ ಬಳ್ಳಿ ಬಿಡಿಸುತ್ತಿದ್ದರು. ಆ ಕಪ್ಪು ತಾತ್ಪೂರ್ತಿಕ, ಗೆರೆ ಕಾಣಲೆಂದು. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿದು, ಉಜ್ಜಿ ನಯಗೊಳಿಸಿದ ಮೇಲೆ ನಿಜವಾದ ಕಪ್ಪು. ಅದಕ್ಕೆ ಕೋಟೆಯ ಮಣ್ಣು ಬೇಕು, ಮಳೆ-ಬಿಸಿಲು ತಾಗದ ಹಳೆ ಗೋಡೆಗಳ ಕೆಳಗಿನದು. ಮಣ್ಣು ಸರಿಯಾದದ್ದೋ ಅಲ್ಲವೋ ಎನ್ನುವುದನ್ನು ನಾಲಿಗೆಗೆ ಹಚ್ಚಿ ಹೇಳುತ್ತಾರೆ. ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಬಿಸಿ ಮಾಡಿದ ಹೂದಾನಿಯನ್ನು ಅದರಲ್ಲಿ ಅದ್ದಿದ್ದನ್ನು ನಾನು ಬಗ್ಗಿ ನೋಡಿದೆ. ಬೂದು ಬಣ್ಣದ ಮೈ ನೋಡುನೋಡುತ್ತ ಕಾಡಿಗೆಯಾಯಿತು. ಬಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಂತಿತು. ಎಷ್ಟು ಹೊತ್ತು ಅದ್ದಬೇಕೆಂದು ಕೇಳಿದರೆ, “ಆತು ಅನ್ನೋತನಾ” ಎಂದರು. ಮಾಮಾನ ಎಣಿಕೆಯೂ ಇದೇ ಗಡಿಯಾರದ್ದು.

ಅವರ ಮೂಗಿಗೆ ದಾರದ ಗಂಟು ಮುಟ್ಟಿಸುವಾಗ ನನಗೇ ನಗು ಬಂತು. ಹೊರಗಿನ ಪಡಸಾಲೆಯ ನೆರಳಿನ ಬೆಳಕು, ಫ್ಲಾಶ್ ಬೇಡವೆಂದು ಬಿಟ್ಟೆ. ಕ್ಲಿಕ್. ಸಣ್ಣ ಪಟ್ಟಿ, ಅಗಲ ಪಟ್ಟಿ, ಕೊಡ ಎಳೆದ ಹಾಗೆ ಒಂದೇ ಸವನ. ಚಳಿ ಇದ್ದದ್ದರಿಂದ ಬಗಲಲ್ಲಿ ಇಟ್ಟುಕೊಂಡು ಎಣಿಸಿದೆ. ಸುಲಿದಾಗ ಅವರು ಹತ್ತಿರ ಬಂದು ಮೊದಲು ಮೂಸಿ ನೋಡಿದರು, ಆಮೇಲೆ ನೋಡಿದರು.

“ಇದರಾಗೂ ಬೆಳ್ಳಿ ಅದ ಅಂತೀರಲ್ಲ ಮೇಡಂ, ಎಲ್ಲದ?”

ಚಿತ್ರದಲ್ಲಿ ಕಾಣುವುದು ಬಣ್ಣ ಮಾತ್ರ, ಬೆಳ್ಳಿ ಈ ಸಿಪ್ಪೆಯಲ್ಲಿ ಉಳಿಯಿತು ಎಂದು ನೆಗೆಟಿವ್ ಹಾಳೆ ತೋರಿಸಿದೆ. ಬೆಳಕು ಬಿದ್ದ ಕಡೆಯ ಬಣ್ಣವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಬೆಳಕು ಬೀಳದ ಕಡೆಯದನ್ನು ಆಚೆ ಕಾಗದಕ್ಕೆ ಬಿಟ್ಟುಕೊಡುತ್ತದೆ ಎಂದು ಪೋಲರಾಯ್ಡಿನ ಹಳೆ ಪಾಠ ಹೇಳಿದೆ. ಅವರು ಸಿಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಬೆಳ್ಳಿ ಇದ್ದದ್ದು ಒಗಿತೀರಿ, ಬಣ್ಣ ಇದ್ದದ್ದು ಇಟ್ಕೋತೀರಿ” ಅಂದರು. ಫೋಟೋದ ನಾಲ್ಕು ಮುಖಗಳನ್ನು ಅಲ್ಲೇ ಕತ್ತರಿಸಿದರು. ಒಂದು ಮನೆಯವರಿಗೆ, ಒಂದು ಹೈದರಾಬಾದಿನಲ್ಲಿರುವ ಮಗನಿಗೆ, ಒಂದು ಅಂಗಡಿಯ ಗಲ್ಲೆಗೆ, ಬೂಸ್ಟು ಹಿಡಿದ ಲೆನ್ಸಿನ ಮಸುಕು ಮುಖ ನನಗೆ. ಇನ್ನೂ ಎರಡು ಅವರ ಮನೆಯವರೇ ತೆಗೆಸಿಕೊಂಡರು. ಮಹಮೂದ್ ಗವಾನ್ ಮದರಸಾದ ಒಂಟಿ ಮಿನಾರನ್ನು ಬೇಕಾದರೆ ಚೌಕ ಫೋಟೋದ ಪೋಲರಾಯ್ಡ್ 600ರಲ್ಲಿ ತೆಗೆದೆ. ಅದು ಎಲ್ಲರೂ ತೆಗೆಯುವ ಹಾಗೇ ಬಂದಿದೆ.

ಸಿಪ್ಪೆಗಳನ್ನು ನಾನು ಒಗೆಯಲಿಲ್ಲ, ಪೇಪರಿನಲ್ಲಿ ಸುತ್ತಿ ತಂದೆ. ಎಫ್‌ಪಿ-100ಸಿ ಸಿಪ್ಪೆಯ ಹಿಂಬದಿಗೆ ಕಪ್ಪು ಲೇಪ ಇರುತ್ತದೆ, ಅದನ್ನು ತೆಗೆದರೆ ಅಡಿಯಲ್ಲಿ ನಿಜವಾದ ನೆಗೆಟಿವ್ ಇದೆ. ಚಿತ್ರದ ಮುಖ ಕೆಳಗೆ ಮಾಡಿ ಗಾಜಿನ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಬಿಗಿದು, ಬೆನ್ನಿಗೆ ಬಚ್ಚಲು ತೊಳೆಯುವ ಬ್ಲೀಚು ಸವರಿದೆ. ಕೈಗೆ ಗ್ಲೌಸು ಕಡ್ಡಾಯ, ಆ ಅಂಟುರಸವೂ ಚರ್ಮ ಸುಡುವ ಕ್ಷಾರವೇ. ಕಪ್ಪು ಕರಗಿ ಮಸಿಯಂತೆ ಹರಿದು, ನೀರು ಹಾಕಿ ತೊಳೆದರೆ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆ. ಬೆಳಕಿಗೆ ಹಿಡಿದರೆ ಬೀದರಿನ ಅವರು ನಾಲ್ಕು ಸಲ ತಲೆಕೆಳಗಾದ ಬಣ್ಣದಲ್ಲಿ ನನ್ನನ್ನೇ ನೋಡುತ್ತಿದ್ದರು. ಒಂದು ಹಾಳೆ ಟೇಪು ಬಿಟ್ಟುಕೊಂಡು ಬ್ಲೀಚು ಒಳನುಗ್ಗಿ ಹಾಳಾಯಿತು.

ಮಾಮಾಗೆ ತೋರಿಸಿದೆ. ಬಹಳ ಹೊತ್ತು ಕಿಟಕಿಗೆ ಹಿಡಿದು ನೋಡಿದರು. “ದಿನಾ ಸಂಜಿಗಿ ಒಂದ್ ಬಕೇಟ್ ತುಂಬ್ತಿತ್ತು ಇದು. ಕೈಗಿ ಹತ್ತತದಂತ ಹುಡುಗ ಬಡಕೋತ ಒಯ್ದು ತಿಪ್ಪಿಗಿ ಚೆಲ್ತಿದ್ದ.” ಸ್ವಲ್ಪ ಸುಮ್ಮನಿದ್ದು, “ಎಷ್ಟ್ ಮಂದಿ ಇರ್ಬೇಕ ಆ ತಿಪ್ಪ್ಯಾಗ” ಅಂದರು. ಮೊದಲ ಸಲ ಅವರ ದನಿ ವ್ಯಾಪಾರದವರದಾಗಿರಲಿಲ್ಲ.

ಆರನೆಯದು ಎದುರು ಮನೆಯ ಮುತ್ಯಾನದು, ಏಳನೆಯದು ಸರಿಬರಲಿಲ್ಲ, ರಸ ಅರ್ಧಕ್ಕೇ ಮುಗಿದಿತ್ತು. ಎಂಟರಲ್ಲಿ ಎಡವಟ್ಟಾಯಿತು. ಸಣ್ಣ ಪಟ್ಟಿ ಎಳೆದ ಕೂಡಲೇ ಹರಿದು ಕೈಗೆ ಬಂತು. ಹಳೆ ಫಿಲ್ಮಿನ ರೋಗ ಇದು. ಬೆಳಕಿನಲ್ಲಿ ತೆರೆದರೆ ಉಳಿದದ್ದೂ ಹೋಗುತ್ತದೆ. ರಾತ್ರಿ ತನಕ ಕಾದು, ದೀಪ ಆರಿಸಿ, ಕಿಟಕಿಗೆ ಜಮಖಾನ ಕಟ್ಟಿ, ಅದೂ ಸಾಲದೆಂದು ಎರಡು ಕೌದಿ ಹೊದ್ದು ಒಳಗೆ ಕ್ಯಾಮೆರಾ ತೆರೆದು ಕೈಯಿಂದ ತಡವಿ ಆ ಹಾಳೆಯನ್ನು ಬಿಡಿಸಿದೆ. ಅಷ್ಟರಲ್ಲಿ ಮಾರ್ಚ್ ಬಂದಿತ್ತು. ಕಲಬುರಗಿಯ ಮಾರ್ಚಿನಲ್ಲಿ ಎರಡು ಕೌದಿಯೊಳಗೆ ಇಪ್ಪತ್ತು ನಿಮಿಷ ಕೂತವರಿಗೆ ಮಾತ್ರ ಆ ಸುಖ ಗೊತ್ತು. ಹೊರಗಿನಿಂದ ಅವ್ವ, “ಹುಚ್ಚು ಹಿಡದದ” ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. ಒಂಬತ್ತನೆಯದು ಆ ಗದ್ದಲದಲ್ಲಿ ಬೆಳಕು ತಾಗಿ ಅರ್ಧ ಬೆಳ್ಳಗಾಯಿತು. ಉಳಿದ ಅರ್ಧದಲ್ಲಿ ಅವ್ವ ಇದ್ದಾರೆ, ಈ ಸಲ ಹಳದಿಯಲ್ಲ.

ಹತ್ತನೆಯದನ್ನು ಮಾಮಾನದು ತೆಗೆಯಬೇಕೆಂದು ಮೊದಲಿನಿಂದ ಲೆಕ್ಕ ಹಾಕಿದ್ದೆ. ಕ್ಯಾಮೆರಾ ಎತ್ತಿಕೊಂಡು ಹೋದರೆ ನನ್ನ ಕೈಯಿಂದ ಕಸಿದುಕೊಂಡರು. “ಫೋಟೋದಾಂವ ತನ್ನ ಫೋಟೋ ತೆಗೆಸ್ಕೊಳಂಗಿಲ್ಲ. ಕೂಡು.” ಅಡುಗೆಮನೆಯ ಸ್ಟೂಲು ತಂದರು, ಗೋಡೆಗೆ ಬಿಳಿ ಲುಂಗಿ ಕಟ್ಟಿದರು. ಅತ್ತಿ ಸೆರಗಿನಿಂದ ನನ್ನ ಹಣೆ ಒರೆಸಿ, ಹಳೆ ಅಭ್ಯಾಸದಂತೆ ದಾರದ ಗಂಟನ್ನು ನನ್ನ ಮೂಗಿಗೆ ಮುಟ್ಟಿಸಿದರು. ಕಿವಿ ಎರಡೂ ಕಾಣಬೇಕು, ಕೂದಲು ಹಿಂದೆ ಹಾಕು, ನಗಬೇಡ. ಕ್ಲಿಕ್. ಸಣ್ಣ ಪಟ್ಟಿ ಹರಿಯದೆ ಬಂತು. ಅಗಲ ಪಟ್ಟಿ ಒಂದೇ ಸವನ ಬಂತು. ಹಾಳೆಯನ್ನು ಬಗಲಿಗೆ ಇಡಲಿಲ್ಲ, ಫರ್ಸಿಯ ಮೇಲಿಟ್ಟರು, ಅದನ್ನು ಯಾವಾಗ ನೋಡಿ ಕಲಿತಿದ್ದರೋ.

“ಎಲ್ಲಿಗಿ ಹೊಂಟೀದಿ?” ಎಂದರು.

ನಾನು ಉತ್ತರ ಹುಡುಕುತ್ತಿರುವಾಗಲೇ ಅವರ ತುಟಿ ಅಲುಗುತ್ತಿತ್ತು. ಎನ್‌ಸ್ಕೆಡೆಗೆ, ಆ ಕಾರ್ಖಾನೆ ನೋಡಲಿಕ್ಕೆ ಅಂದೆ. ಅದೆಲ್ಲದ ಎಂದು ಕೇಳಿದರು, ಹೇಳಿದೆ. ಅಲ್ಲಿ ಜೋಳ ಸಿಗ್ತದೇನು ಎಂದು ಅತ್ತಿ ಕೇಳಿದರು. ಇಲ್ಲ ಅನ್ನುವಷ್ಟರಲ್ಲಿ ಮಾಮಾ ಹಾಳೆ ಎತ್ತಿ ಸುಲಿದರು. ಮೂರು ನಾನು ಸ್ಪಷ್ಟ, ಒಂದು ನಾನು ಮಂಜಿನಲ್ಲಿ. ಬ್ಲೇಡು ಇಟ್ಟು ನಾಲ್ಕನ್ನೂ ಕತ್ತರಿಸಿ, ಕಪಾಟಿನಿಂದ ಸ್ಟುಡಿಯೊದ ಹೆಸರಿನ ಸಣ್ಣ ಕಾಗದದ ಚೀಲ ಹುಡುಕಿ ತೆಗೆದರು. ಊರಿನ ಹೆಸರು ಇನ್ನೂ ಗುಲ್ಬರ್ಗಾ ಎಂದೇ ಇತ್ತು. ಒಳಗೆ ಹಾಕಿ, ಬಾಯಿ ಮಡಚಿ ನನ್ನ ಕೈಗಿಟ್ಟು 

“ನಲ್ವತ್ತು ರೂಪಾಯಿ” ಎಂದರು, ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.